ಮನೆ ಮಾರಲು ಬ್ರೋಕರ್ ಕೈಗೆ ಕೊಡುವ ಮುನ್ನ ಕಾಗದ ಹೀಗಿರಲಿ

ದಾವಣಗೆರೆಯಲ್ಲಿ ನಾನು ಪತ್ರ ಬರಹಗಾರ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದೇ ಕೆಲಸ. ಮನೆ ಮಾರುವವರು ಕ್ರಯಪತ್ರವನ್ನು ಎರಡೆರಡು ಸಲ ಓದಿಸಿ ಕೇಳುತ್ತಾರೆ. ಬ್ರೋಕರ್ ತಂದ ದಲಾಲಿ ಕರಾರಿನ ಕಾಗದಕ್ಕೆ ಮಾತ್ರ ಸುಮ್ನೆ ಸಹಿ ಹಾಕಿರುತ್ತಾರೆ. ತಕರಾರು ಹುಟ್ಟುವುದು ಅಲ್ಲೇ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯಲ್ಲ ಅಂತ ಧೈರ್ಯವಾಗಿರುವವರು ಇದ್ದಾರೆ. 2016ರ ಆ ಕಾಯ್ದೆಯಲ್ಲಿ ಏಜೆಂಟರು ನೋಂದಣಿ ಮಾಡಿಸಲೇಬೇಕು, ನಿಜ. ಆದರೆ ಅದು ರೇರಾ ವ್ಯಾಪ್ತಿಗೆ ಬರುವ ಲೇಔಟು, ಅಪಾರ್ಟ್‌ಮೆಂಟು ಮಾರಿಸುವವರಿಗೆ. ವಿನೋಬನಗರದ ನಿಮ್ಮ ಹಳೇ ಮನೆಗೆ ಗಿರಾಕಿ ತರುವವರಿಗಲ್ಲ. ಅಲ್ಲಿ ನಡೆಯುವುದು 1872ರ ಕರಾರು ಕಾಯ್ದೆ. ಅಂದರೆ ಕಾಗದದಲ್ಲಿ ಬರೆದದ್ದೇ ನಿಮಗೆ ಕಾವಲು.

ಅಮೆರಿಕದಲ್ಲಿ ಒಂದು ಬ್ರೋಕರ್ ಕಂಪನಿಯವರು ಮನೆಯವರಿಗೆ ಒಂದಿಷ್ಟು ಹಣ ಕೊಟ್ಟು, ಮುಂದಿನ 40 ವರ್ಷದಲ್ಲಿ ಯಾವಾಗ ಮಾರಿದರೂ ನಮ್ಮ ಮೂಲಕವೇ ಅಂತ ಬರೆಸಿಕೊಂಡು, ಅದನ್ನು ಆಸ್ತಿ ದಾಖಲೆಗೇ ಸೇರಿಸಿದ್ದರು. ಅಂಥ ಕರಾರಿಗೆ ಕಡಿವಾಣ ಹಾಕಲು ಅಲ್ಲಿನ ಹಲವು ರಾಜ್ಯಗಳು ಕಾನೂನು ತಂದವು. ಇಲ್ಲಿ ಆ ಕಡಿವಾಣವನ್ನು ನಾವೇ ಬರೆಸಿಕೊಳ್ಳಬೇಕು.

ಹಾಗಾಗಿ ಮೊದಲು ಅವಧಿ. ನಾನು ಬರೆಯುವ ಸಾಲು ಇದು: 'ಈ ಕರಾರು ಇಂದಿನಿಂದ 90 ದಿನಗಳವರೆಗೆ ಮಾತ್ರ ಜಾರಿಯಲ್ಲಿದ್ದು, ನಂತರ ತಾನಾಗಿಯೇ ರದ್ದಾಗತಕ್ಕದ್ದು.'

ದಲಾಲಿ ಶೇಕಡಾ ಎಷ್ಟು ಅನ್ನುವುದನ್ನು ಎಲ್ಲರೂ ಮಾತಾಡುತ್ತಾರೆ. ಯಾವಾಗ ಅನ್ನುವುದನ್ನು ಮರೆಯುತ್ತಾರೆ. ಅಡ್ವಾನ್ಸ್ ಬಂದ ದಿನ ಅಲ್ಲ, ಕ್ರಯಪತ್ರ ನೋಂದಣಿಯಾದ ದಿನ ಅಂತ ಬರೆಸಿ. ಗಿರಾಕಿ ಮಧ್ಯದಲ್ಲಿ ಕೈಬಿಟ್ಟರೆ ನೀವು ಯಾಕೆ ದಲಾಲಿ ಕೊಡಬೇಕು, ಅಲ್ವಾ? ನಿಮ್ಮ ತಮ್ಮನೋ ಬೀಗರೋ ತಾವಾಗಿಯೇ ಬಂದು ಕೊಂಡರೆ ದಲಾಲಿ ಇಲ್ಲ ಅಂತಲೂ ಸೇರಿಸಿ.

ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದು ಬ್ರೋಕರೇ ಅಡ್ವಾನ್ಸ್ ಕೊಟ್ಟು ತನ್ನ ಹೆಸರಿಗೆ ಅಗ್ರಿಮೆಂಟು, ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೇಳಿದಾಗ. 'ನಿಮ್ಮ ರೇಟು ನಿಮಗೆ, ಮೇಲೆ ಬಂದದ್ದು ನನಗೆ' ಅನ್ನುತ್ತಾರೆ. ಬರೀ ಗಿರಾಕಿ ತರುವವರಿಗೆ ಕೊಟ್ಟ ಅಧಿಕಾರವನ್ನು ವಾಪಸ್ ಪಡೆಯಬಹುದು. ಆದರೆ ಹೀಗೆ ಹಣ ಕೊಟ್ಟು ಆಸ್ತಿಯಲ್ಲಿ ಅವರದೂ ಹಿತ ಸೇರಿಕೊಂಡರೆ, ಕರಾರು ಕಾಯ್ದೆಯ 202ನೇ ಕಲಂ ಪ್ರಕಾರ, ಆ ಹಿತಕ್ಕೆ ಧಕ್ಕೆಯಾಗುವಂತೆ ವಾಪಸ್ ಪಡೆಯಲು ಬರುವುದಿಲ್ಲ. ವಾಪಸ್ ಪಡೆಯಬಹುದು ಅಂತ ಕರಾರಿನಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬೇರೆ ಮಾತು. ಮನೆ ತೋರಿಸಲು ಜಿಪಿಎ ಯಾಕೆ? ಬೀಗದ ಕೈ ಸಾಕು. ದಯವಿಟ್ಟು ಇದೊಂದರಲ್ಲಿ ದಾಕ್ಷಿಣ್ಯ ಬೇಡ.

ಮೂಲ ಪತ್ರಗಳು ನಿಮ್ಮ ಬೀರುವಿನಲ್ಲೇ ಇರಲಿ. ಕ್ರಯಪತ್ರ, ಇ-ಖಾತಾ, ಕಂದಾಯದ ರಸೀದಿ, ಇಸಿ (ಋಣಭಾರ ಪತ್ರ) ಎಲ್ಲದರ ಜೆರಾಕ್ಸ್ ಕೊಡಿ. ಪ್ರತಿ ಹಾಳೆಗೂ ಅಡ್ಡಲಾಗಿ, ಅಕ್ಷರಗಳ ಮೇಲೆ ಹಾಯುವಂತೆ, 'ಗಿರಾಕಿಗೆ ತೋರಿಸಲು ಮಾತ್ರ' ಅಂತ ಬರೆದು ತಾರೀಖು ಹಾಕಿ ಸಹಿ ಮಾಡಿ.

ಅಡ್ವಾನ್ಸ್ ಹಣ ಗಿರಾಕಿಯಿಂದ ನೇರವಾಗಿ ನಿಮ್ಮ ಖಾತೆಗೇ ಬರಲಿ, ಬ್ರೋಕರ್ ಕೈಗಲ್ಲ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಆದರೆ ನಗದು ಮುಟ್ಟಲೇಬೇಡಿ. ತೆಗೆದುಕೊಂಡಷ್ಟೇ ದಂಡ ಕಟ್ಟಬೇಕಾಗಬಹುದು.