ಮಳೆಗಾಲದ ಕಲಿಕಾ ವಾರ: ಐದು ತರಗತಿಗಳಿಗೆ ಒಂದೇ ವಿಷಯ

ಹೊಸನಗರ ತಾಲ್ಲೂಕಿನ ಘಟ್ಟದ ಅಂಚಿನಲ್ಲಿರುವ ನಮ್ಮದು ಇಬ್ಬರು ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆ. ಮಕ್ಕಳ ಸಂಖ್ಯೆ ಇಪ್ಪತ್ತರ ಆಸುಪಾಸು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಚಟುವಟಿಕೆಗಳಿಂದ ಕಲಿಯುವ ನಲಿ-ಕಲಿ ಕೋಣೆಯಲ್ಲಿ, ನಾಲ್ಕು ಮತ್ತು ಐದನೆಯವರು ಪಕ್ಕದ ಕೋಣೆಯಲ್ಲಿ. ಇಂಥ ಶಾಲೆಯಲ್ಲಿ ಜುಲೈ ತಿಂಗಳ ಒಂದು ವಾರ ಪೂರ್ತಿ ಐದೂ ತರಗತಿಗಳಿಗೆ ಮಳೆಯನ್ನೇ ಪಾಠವಾಗಿಸುತ್ತೇನೆ ಎಂದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯಲ್ಲಿ ಹೇಳಿದಾಗ, ಪಠ್ಯ ಮುಗಿಯುವುದಿಲ್ಲ, ಮಕ್ಕಳೇ ಬರುವುದಿಲ್ಲ, ಬಂದವರು ಕೆಮ್ಮುತ್ತ ಕೂರುತ್ತಾರೆ ಎಂದು ಹಿರಿಯ ಸಹೋದ್ಯೋಗಿಗಳು ನಕ್ಕಿದ್ದರು. ಅವರಲ್ಲಿ ಕೆಲವರು ಈ ವರ್ಷ ನನ್ನ ಪಾಠಯೋಜನೆಯ ನಕಲು ಕೇಳಿದ್ದಾರೆ. ಹಾಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಅವರ ಅನುಮಾನಕ್ಕೆ ಕಾರಣವಿತ್ತು. ಕಲಿಕಾ ವಾರ ಎಂದು ನಾವು ಹಿಂದೆ ಮಾಡಿದ್ದು ಯಾವುದೂ ನಿಂತಿರಲಿಲ್ಲ. ಒಂದು ವರ್ಷ ಮಕ್ಕಳ ಸಂತೆ ಮಾಡಿದೆವು. ತಾಯಂದಿರು ಕೋಡುಬಳೆ, ಚಕ್ಕುಲಿ ಮಾಡಿ ಕಳುಹಿಸಿದರು, ತಂದೆಯಂದಿರು ಬಂದು ಕೊಂಡರು, ಚಿಲ್ಲರೆಯ ಲೆಕ್ಕವನ್ನೂ ಅವರೇ ಮಾಡಿದರು. ಶಾಮಿಯಾನ, ಫ್ಲೆಕ್ಸು, ಟೀ ಎಂದು ಎರಡು ಸಾವಿರಕ್ಕೂ ಮಿಕ್ಕಿ ಖರ್ಚಾಯಿತು. ಸೋಮವಾರ ಬೋರ್ಡಿನ ಮೇಲೆ ಐವತ್ತರಿಂದ ಮೂವತ್ತೇಳು ಕಳೆಯಿರಿ ಎಂದರೆ ಹಿಂದಿನ ವಾರ ತಡವರಿಸಿದವರೇ ಮತ್ತೆ ತಡವರಿಸಿದರು. ಇನ್ನೊಂದು ವರ್ಷ ಕರಕುಶಲ ವಾರ. ಬಣ್ಣದ ಕಾಗದ, ಥರ್ಮೋಕೋಲ್, ಅಂಟು ಸೇರಿ ಒಂದೂವರೆ ಸಾವಿರದ ಹತ್ತಿರ ಹೋಯಿತು. ಮಲೆನಾಡಿನ ಜುಲೈನಲ್ಲಿ ಅಂಟು ಒಣಗುವುದಿಲ್ಲ, ಮಣ್ಣಿನ ಗೊಂಬೆಯಂತೂ ವಾರವಾದರೂ ಹಸಿಯಾಗಿಯೇ ಇರುತ್ತದೆ. ಅದರ ಮೇಲೆ ನಡುವಾರದಲ್ಲಿ ಜಿಲ್ಲಾಡಳಿತ ಮಳೆ ರಜೆ ಘೋಷಿಸಿತು, ಅಲ್ಲಿಗೆ ವಾರ ಮುರಿಯಿತು.

ಆ ರಜೆಯೇ ನನಗೆ ದಾರಿ ತೋರಿಸಿತು. ಮಳೆ ಬಂದರೆ ಕೆಡುವ ವಿಷಯದ ಬದಲು, ಮಳೆ ಬಂದಷ್ಟೂ ಬೆಳೆಯುವ ವಿಷಯ ಬೇಕಿತ್ತು, ಮತ್ತು ರಜೆ ಸಿಕ್ಕಿದ ದಿನವೂ ಮಗು ಮನೆಯ ಅಂಗಳದಲ್ಲಿ ಮುಂದುವರಿಸುವಂತಿರಬೇಕಿತ್ತು. ಎರಡನೆಯ ಷರತ್ತನ್ನು ನಾನೇ ಹಾಕಿಕೊಂಡೆ: ಓದು, ಬರಹ, ಲೆಕ್ಕ ಬಾರದೆ ಮುಗಿಸಲು ಆಗದ ಕೆಲಸ ಮಾತ್ರ ವಾರದೊಳಗೆ ಬರಬೇಕು. ಹಾಡು, ಅಭಿನಯ, ಬಣ್ಣ ಎಲ್ಲವೂ ಅದರ ಹಿಂದೆ ಬರಲಿ.

ಮಳೆ ಅಳೆಯುವ ಸಾಧನವೆಂದರೆ ಎಲ್ಲರೂ ಮಾಡಿಸುವುದು ಪ್ಲಾಸ್ಟಿಕ್ ಬಾಟಲಿಯದ್ದು. ಮೇಲ್ಭಾಗ ಕತ್ತರಿಸಿ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ, ಬದಿಗೆ ಸ್ಕೇಲು ಅಂಟಿಸಿದರೆ ಆಯಿತು ಎಂದು ತರಬೇತಿಗಳಲ್ಲಿ ತೋರಿಸುತ್ತಾರೆ. ನಮ್ಮಲ್ಲಿ ಅದು ನಿಲ್ಲುವುದಿಲ್ಲ. ತಳದ ಉಬ್ಬು ತಗ್ಗುಗಳಿಂದ ಮೊದಲ ಒಂದೆರಡು ಸೆಂಟಿಮೀಟರ್ ಸುಳ್ಳು ಹೇಳುತ್ತದೆ, ನಡುವಿನ ಗೀರುಗಳು ಇನ್ನಷ್ಟು ಕೆಡಿಸುತ್ತವೆ, ಗಾಳಿಗೆ ಉರುಳುತ್ತದೆ. ಲೀಟರ್ ಬಾಟಲಿಯಲ್ಲಿ ಸಿಗುವುದು ಒಂದು ಗೇಣಿನಷ್ಟು ಎತ್ತರ. ಘಟ್ಟದ ಮಳೆ ಒಂದೇ ರಾತ್ರಿಯಲ್ಲಿ ಅದನ್ನು ತುಂಬಿ ಚೆಲ್ಲಿತು. ಹಲಸಿನ ಮರದ ಕೆಳಗೆ ನೆರಳಿದೆಯೆಂದು ಮಕ್ಕಳು ಇಟ್ಟ ಬಾಟಲಿಯಲ್ಲಂತೂ ಮಳೆ ನಿಂತ ಮೇಲೂ ನೀರು ಏರುತ್ತಿತ್ತು.

ಕೊನೆಗೆ ಕೈಹಿಡಿದದ್ದು ತೋಟಕ್ಕೆ ಹಾಕಿ ಮಿಕ್ಕಿದ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು. ಎರಡಡಿ ಉದ್ದದ ತುಂಡನ್ನು ಪೋಷಕರೊಬ್ಬರು ಪುಕ್ಕಟೆ ಕೊಟ್ಟರು. ಎಂಡ್ ಕ್ಯಾಪ್ ಮತ್ತು ಅಂಟಿಗೆ ನೂರು ರೂಪಾಯಿಯೊಳಗೆ ಆಯಿತು. ತಳ ಸಮವಾಗಲೆಂದು ಮೇಣದ ಬತ್ತಿ ಕರಗಿಸಿ ಸುರಿದೆವು. ಬಾಯಿ ನೆಲದಿಂದ ಒಂದಡಿಗೂ ಮೇಲಿರುವಂತೆ ಗೂಟಕ್ಕೆ ಬಿಗಿದದ್ದರಿಂದ ಕೆಸರು ಸಿಡಿಯಲಿಲ್ಲ. ಹತ್ತಿರದ ಕಟ್ಟಡ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡುವುದು ಮುಖ್ಯ. ಇಲ್ಲವಾದರೆ ಓರೆ ಮಳೆಯನ್ನು ಗೋಡೆಯೇ ತಡೆಯುತ್ತದೆ. ಪೈಪು ಪಾರದರ್ಶಕವಲ್ಲ, ಓದುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ತೆಳುವಾಗಿ ಸೀಳಿದ ಬಿದಿರಿನ ಕಡ್ಡಿಗೆ ಬಣ್ಣದ ಸೀಮೆಸುಣ್ಣ ಉಜ್ಜಿ ಇಳಿಸಿ ತೆಗೆದರೆ ಒದ್ದೆಯ ಗೆರೆ ಕೂದಲಿನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಸ್ಕೇಲಿನ ಪಕ್ಕ ಹಿಡಿದರೆ ಎರಡನೇ ತರಗತಿಯ ಮಗುವೂ ಮಿಲಿಮೀಟರ್ ಓದುತ್ತದೆ. ದಪ್ಪ ಸ್ಕೇಲನ್ನೇ ಮುಳುಗಿಸಿದರೆ ನೀರು ಮೇಲೇರಿ ಅಳತೆ ಹೆಚ್ಚಾಗುವುದರಿಂದ ಕಡ್ಡಿ ತೆಳುವಾಗಿಯೇ ಇರಬೇಕು. ತರಗೆಲೆಯೂ ಕಪ್ಪೆಯೂ ಒಳಗೆ ಬೀಳದಂತೆ ನಾವು ಮಾಡಿಕೊಂಡ ಉಪಾಯವೊಂದಿದೆ. ಅದನ್ನು ಶಾಲೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಮೊದಲ ದಿನಗಳಲ್ಲಿ ನಮ್ಮ ಅಂಕಿಗೂ ಗ್ರಾಮ ಪಂಚಾಯಿತಿಯ ಟೆಲಿಮೆಟ್ರಿಕ್ (ಅಳತೆಯನ್ನು ತಾನೇ ದೂರಕ್ಕೆ ರವಾನಿಸುವ) ಮಳೆ ಮಾಪಕದ ಅಂಕಿಗೂ ತಾಳೆಯೇ ಆಗುತ್ತಿರಲಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನವೆಂದರೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ನಾವು ಪ್ರಾರ್ಥನೆ ಮುಗಿಸಿ ಹತ್ತು ಗಂಟೆಗೆ ಓದುತ್ತಿದ್ದೆವು. ಬೆಳಗಿನ ಜಡಿಮಳೆ ಒಂದು ಗಂಟೆ ಸುರಿದರೂ ಇಪ್ಪತ್ತು ಮೂವತ್ತು ಮಿಲಿಮೀಟರ್ ಆಚೀಚೆಯಾಗುತ್ತದೆ. ಶಾಲೆಯ ಪಕ್ಕದ ಮನೆಯ ಐದನೇ ತರಗತಿಯ ಹುಡುಗಿಗೆ ಅಳೆಯುವ ಹೊಣೆ ಕೊಟ್ಟ ಮೇಲೆ ಅಂತರ ಬಹಳ ಕಡಿಮೆಯಾಯಿತು. ಒಂದು ದಿನ ಮಳೆ-ಹವಾಮಾನದ ಮಾಹಿತಿ ಕೊಡುವ ವರುಣಮಿತ್ರ ಸಹಾಯವಾಣಿಗೆ ಅವಳೇ ಕರೆ ಮಾಡಿ, ನಮ್ಮೂರಿಗೆ ಎಷ್ಟು ಮಳೆ ಎಂದು ಕೇಳಿ, ನೋಟ್ ಬುಕ್ಕಿನಲ್ಲಿ ಎರಡೂ ಅಂಕಿ ಪಕ್ಕಪಕ್ಕ ಬರೆದುಕೊಂಡಳು.

ನಲಿ-ಕಲಿ ಕೋಣೆಯ ಹವಾಮಾನ ನಕ್ಷೆಯ ಬಗ್ಗೆ ಒಂದು ಮಾತು. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ದಿನವೂ ಮೋಡದ ಚಿತ್ರ, ಮಳೆಯ ಚಿತ್ರ. ಮಕ್ಕಳು ನೋಡದೆಯೇ ಗುರುತು ಹಾಕುತ್ತಿದ್ದರು. ಅದರ ಬದಲು ಆ ದಿನದ ಮಳೆ ಎಷ್ಟು ಮಿಲಿಮೀಟರೋ ಅಷ್ಟೇ ಉದ್ದದ ಹಳೆಯ ವೃತ್ತಪತ್ರಿಕೆಯ ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸಲು ಹೇಳಿದೆ. ಒಂದನೇ ತರಗತಿಯವರು ಉದ್ದ-ಗಿಡ್ಡ ಹೋಲಿಸಿದರು, ಮೂರನೆಯವರು ವ್ಯತ್ಯಾಸ ಬರೆದರು. ನಾಲ್ಕು-ಐದನೆಯವರು ಇನ್ನೂ ಮುಂದೆ ಹೋಗಿ, 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ ಸುರಿದ 4,508 ಮಿಲಿಮೀಟರಿನ ಪಟ್ಟಿ ಮಾಡಲು ಹೊರಟರು. ಅದು ಹೆಂಚಿನ ಮಾಡಿಗೂ ಮೀರಿದ್ದರಿಂದ ಜಗುಲಿಯ ಉದ್ದಕ್ಕೆ ಹಾಸಿದರು. ಎರಡನೇ ತರಗತಿಯವನೊಬ್ಬ ಅದರ ಪಕ್ಕ ಉದ್ದಕ್ಕೆ ಮಲಗಿ, ತನ್ನಂಥವರು ಎಷ್ಟು ಜನ ಹಿಡಿಸುತ್ತಾರೆಂದು ಎಣಿಸಿದ.

ಬುಧವಾರ ಭಾಷೆಯ ದಿನ. ಅಜ್ಜ ಅಜ್ಜಿಯರಿಂದ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಗಾದೆ ಕೇಳಿಕೊಂಡು ಬಂದು ಬರೆಯುವುದು, ಒಂದೊಂದು ಮಳೆ ಹೆಚ್ಚುಕಡಿಮೆ ಹದಿನಾಲ್ಕು ದಿನವೆಂದು ಕ್ಯಾಲೆಂಡರಿನಲ್ಲಿ ಎಣಿಸುವುದು. ಇದು ಚೆನ್ನಾಗಿಯೇ ನಡೆಯಿತು, ವಿಶೇಷವೇನಿಲ್ಲ.

ಅಂದೇ ರಾತ್ರಿ ರಜೆ ಘೋಷಣೆಯಾಯಿತು. ಹೇಳಿಟ್ಟಿದ್ದಂತೆ ಮಕ್ಕಳು ಮನೆಯಲ್ಲಿ ಸಿಕ್ಕ ಪಾತ್ರೆಯನ್ನು ಅಂಗಳದಲ್ಲಿಟ್ಟು ಅಳೆದರು. ಶುಕ್ರವಾರ ಬಂದ ಅಂಕಿಗಳಲ್ಲಿ ಅಕ್ಕಪಕ್ಕದ ಮನೆಯ ಇಬ್ಬರಿಗೆ ಜಗಳ ಹತ್ತಿಕೊಂಡಿತು. ಒಬ್ಬಳ ಮನೆಯ ಮಳೆ ಇನ್ನೊಬ್ಬನ ಮನೆಯ ಮಳೆಯ ಎರಡರಷ್ಟು! ವಿಚಾರಿಸಿದರೆ ಹುಡುಗ ಇಟ್ಟದ್ದು ಚೊಂಬು, ಹುಡುಗಿ ಇಟ್ಟದ್ದು ನೇರ ಗೋಡೆಯ ಸ್ಟೀಲ್ ಡಬ್ಬಿ. ನಾನು ಏನೂ ಹೇಳದೆ ಎರಡು ಪಾತ್ರೆಗಳನ್ನೂ ಶಾಲೆಯಂಗಳದಲ್ಲಿ ಒಟ್ಟಿಗೆ ಇಡಿಸಿದೆ. ಚೊಂಬಿನ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ನೀರು ಹರಡಿಕೊಳ್ಳುತ್ತದೆ ಎಂದು ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಹುಡುಗನೇ ಒಪ್ಪಿಕೊಂಡ. ನಾನು ವಿವರಿಸಲು ಕೂತಿದ್ದರೆ ಒಂದು ಅವಧಿ ಪೂರ್ತಿ ಬೇಕಾಗುತ್ತಿತ್ತು.

ಅಣೆಕಟ್ಟೆಯ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಭದ್ರಾದ್ದು 186 ಅಡಿ. ಇಂದಿನ ಮಟ್ಟವನ್ನು ಕಳೆದರೆ ತುಂಬಲು ಇನ್ನೆಷ್ಟು ಎಂದು ಸಿಗುತ್ತದೆ. ಮೂರನೇ ತರಗತಿಗೆ ಭದ್ರಾ, ನಾಲ್ಕನೆಯವರಿಗೆ ಲಿಂಗನಮಕ್ಕಿ, ಐದನೆಯವರಿಗೆ ದಶಮಾಂಶ ಸಮೇತ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕಕ್ಕೆ ಹೆದರುತ್ತಿದ್ದ ಮಕ್ಕಳು, ಮನೆಯಲ್ಲಿ ದೊಡ್ಡವರು ಮಾತಾಡಿಕೊಳ್ಳುವ ಸಂಖ್ಯೆ ಇದು ಎಂದು ತಿಳಿದ ಮೇಲೆ ತಾವಾಗಿ ಮಾಡತೊಡಗಿದರು. ಜೂನ್‌ನ ಪರೀಕ್ಷೆಯಲ್ಲಿ ಈ ಬಗೆಯ ಲೆಕ್ಕ ಬಿಡಿಸಿದವರು ಅರ್ಧಕ್ಕಿಂತ ಕಡಿಮೆ. ಆಗಸ್ಟ್‌ನ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಬಿಡಿಸಿದರು. ಪಠ್ಯ ಹಿಂದುಳಿಯಿತು ಎಂದವರಿಗೆ ಆ ಉತ್ತರ ಪತ್ರಿಕೆಗಳನ್ನೇ ಸಭೆಯ ಮೇಜಿನ ಮೇಲಿಟ್ಟೆ.

ಶುಕ್ರವಾರ ಮಧ್ಯಾಹ್ನದ ನಂತರ ಮಾಡಿನ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹೆಂಚಿನ ಮಾಡು ಆವರಿಸಿದ ನೆಲವನ್ನು ಮಕ್ಕಳು ಹಗ್ಗದಿಂದ ಅಳೆದರು. ಉದ್ದ 18 ಮೀಟರ್, ಅಗಲ 7 ಮೀಟರ್ ಸುಮಾರಾಗಿ ಬಂತು. ನೂರು ಮಿಲಿಮೀಟರ್ ಮಳೆಯಾದ ದಿನ ಮಾಡಿನಿಂದ ಇಳಿಯುವುದು 12,600 ಲೀಟರ್, ಅಂದರೆ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಹನ್ನೆರಡು ತುಂಬಿ ಮಿಗುವಷ್ಟು. ಏಪ್ರಿಲ್‌ನಲ್ಲಿ ಬಿಸಿಯೂಟಕ್ಕೆ ನೀರು ಹೊತ್ತು ತರುವ ಶಾಲೆ ಇದು. ಶನಿವಾರ ಪೋಷಕರೆದುರು ಈ ಅಂಕಿಯನ್ನು ಮಕ್ಕಳು ಓದಿದಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, "ಮೇಷ್ಟ್ರೇ, ಒಂದು ಸೊನ್ನೆ ಜಾಸ್ತಿ ಆಗಿಲ್ವಾ?" ಎಂದು ಕೇಳಿದರು. ನಾಲ್ಕನೇ ತರಗತಿಯವಳು ಅವರ ಮುಂದೆಯೇ ಮತ್ತೆ ಗುಣಿಸಿ ತೋರಿಸಿದಳು. ಮುಂದಿನ ವಾರ ಅವರೇ ಅಡಿಕೆ ಮರದ ದಂಬೆ (ಕಾಂಡ ಸೀಳಿ ಮಾಡಿದ ದೋಣಿ) ತಂದು ಹಿಂಬದಿಯ ಮಾಡಿಗೆ ಕಟ್ಟಿಸಿದರು. ಅದು ಒಂದು ಬದಿಯ ನೀರನ್ನು ಮಾತ್ರ ಹಿಡಿಯುತ್ತದೆ, ಆದರೂ ಕೈಕಾಲು ತೊಳೆಯಲು ಮತ್ತು ಶೌಚಾಲಯಕ್ಕೆ ಸಾಕಾಗುತ್ತಿದೆ.

ನಡುವೆ ಇಂಬಳದ (ಜಿಗಣೆಯ) ಪ್ರಯೋಗವೂ ನಡೆಯಿತು, ಯೋಜನೆಯಲ್ಲಿ ಇರಲಿಲ್ಲ. ನಡೆದು ಬರುವ ಮಕ್ಕಳಲ್ಲಿ ಕೆಲವರು ಕಾಲಿಗೆ ಸೋಪು, ಕೆಲವರು ಉಪ್ಪು, ಕೆಲವರು ಸುಮ್ಮನೆ ಎಣ್ಣೆ ಹಚ್ಚಿಕೊಂಡು ಬಂದು, ಶಾಲೆ ಮುಟ್ಟಿದ ಮೇಲೆ ಕಚ್ಚಿದ ಇಂಬಳಗಳನ್ನು ಎಣಿಸಿ ಪಟ್ಟಿ ಮಾಡಿದರು. ಉಪ್ಪು ಮೊದಲ ಕಾಲುಸಂಕ ದಾಟುವಷ್ಟರಲ್ಲಿ ತೊಳೆದುಹೋಯಿತು, ಒಣ ಸೋಪು ಸ್ವಲ್ಪ ತಡೆಯಿತು. ದೊಡ್ಡವರು ಬಳಸುವ ಹೊಗೆಸೊಪ್ಪು-ಸುಣ್ಣವನ್ನು ಮಕ್ಕಳ ಪಟ್ಟಿಗೆ ನಾನೇ ಸೇರಿಸಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣದ ಲೆಕ್ಕವೂ ಬಾಯಿಲೆಕ್ಕಕ್ಕೆ ಅನುಕೂಲವಾಯಿತು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಇನ್ನೂರು ಲೀಟರಿನ ಡ್ರಮ್ಮಿಗೆ ಎಷ್ಟು, ಅರ್ಧ ಡ್ರಮ್ಮಿಗೆ ಎಷ್ಟು ಎಂದು.

ಒಟ್ಟು ಖರ್ಚು ಆರೇಳು ನೂರು ರೂಪಾಯಿ. ಅದರಲ್ಲಿ ಹೆಚ್ಚಿನದು ಶನಿವಾರ ಪೋಷಕರಿಗೆ ಕೊಟ್ಟ ಕಾಫಿ-ಅವಲಕ್ಕಿಗೆ ಹೋಯಿತು, ಅದನ್ನೂ ಮುಂದಿನ ಸಲ ಕಡಿಮೆ ಮಾಡುವವನಿದ್ದೇನೆ. ಹಾಜರಾತಿ ಜುಲೈನಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡಕ್ಕೆ ಇಳಿಯುತ್ತಿತ್ತು, ಆ ವಾರ ಹದಿನೆಂಟರ ಕೆಳಗೆ ಹೋಗಲಿಲ್ಲ. ಮಾಡುವವರು ಪೈಪನ್ನು ಮೇ ತಿಂಗಳಲ್ಲೇ ಹೊಂದಿಸಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಅಂಟು ಕಚ್ಚುವುದಿಲ್ಲ, ಕ್ಯಾಪಿನ ಸಂದಿಯಲ್ಲಿ ಸೋರುತ್ತದೆ. ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲಿಗೆ ಮಕ್ಕಳು ಮತ್ತೆ ಮನೆಯಲ್ಲಿ ಉಳಿಯುತ್ತಾರೆ. ಆಗ ಅಡಿಕೆಯನ್ನೇ ಹಿಡಿದು ಇನ್ನೊಂದು ವಾರ ಮಾಡಲು, ತೂಕದ ತಕ್ಕಡಿಯೊಂದನ್ನು ಎರವಲು ಕೇಳಿಟ್ಟಿದ್ದೇನೆ.