ತಿಗರಿ ಆಮೇಲೆ, ಮೊದಲು ಮಣ್ಣು

ಕುಂಬಾರಿಕೆ ಕಲಿಯಬೇಕು ಅಂದ ಕೂಡಲೇ ಎಲ್ಲರ ಕಣ್ಣೂ ತಿಗರಿಯ (ಕುಂಬಾರರ ಚಕ್ರದ) ಮೇಲೆ. ಸದ್ಯಕ್ಕೆ ಅದನ್ನು ಮರೆತುಬಿಡಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ, ತೀರ ಹಳೆಯ ಪದರದಲ್ಲಿ ಸಿಕ್ಕ ಮಡಕೆಗಳು ಬಹುಪಾಲು ಕೈಯಲ್ಲೇ ಮಾಡಿದವು. ತಿಗರಿಯ ಮಡಕೆ ಬಂದದ್ದು ಮೇಲಿನ ಪದರಗಳಲ್ಲಿ. ನಾವೂ ಅದೇ ಕ್ರಮದಲ್ಲಿ ಹೋಗೋಣ.

ಅರ್ಧ ಕೆಲಸ ಮಣ್ಣಿನದ್ದೇ. ದಾವಣಗೆರೆ ಕಡೆಯ ಎರೆಮಣ್ಣಿಗೆ ಅಂಟು ಜಾಸ್ತಿ. ಆದರೆ ಒಣಗಿದರೆ ಕುಗ್ಗಿ ಬಿರಿಯುತ್ತದೆ, ಬೇಸಿಗೆಯಲ್ಲಿ ಹೊಲ ನೋಡಿದ್ದೀರಲ್ವಾ? ಕೆರೆಯ ಜೇಡಿಮಣ್ಣು ವಾಸಿ. ಯಾವ ಕೆರೆಯದು ಒಳ್ಳೆಯದು ಎಂದು ಊರಿನ ಕುಂಬಾರರನ್ನೇ ಕೇಳಿ. ಹಸಿ ಮಣ್ಣನ್ನು ಹುರಿಯಂತೆ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ಅಂಟು ಸಾಲದು. ಅದೇ ಹಸಿ ಮಣ್ಣಿನ ಪಟ್ಟಿಯೊಂದನ್ನು ಮಾಡಿ, ಅದರ ಮೇಲೆ 10 ಸೆಂ.ಮೀ. ಗೆರೆ ಎಳೆದು ನೆರಳಲ್ಲಿ ಒಣಗಿಸಿ. ಗೆರೆ 9 ಸೆಂ.ಮೀ.ಗಿಂತ ಕಮ್ಮಿಯಾದರೆ ಸಣ್ಣ ಮರಳು ಬೆರೆಸಬೇಕು.

ಮಣ್ಣನ್ನು ಒಣಗಿಸಿ, ಕುಟ್ಟಿ, ನೆನೆಹಾಕಿ ಸೋಸಿ. ಸೋಸುವುದಕ್ಕೆ ಸೋಮಾರಿತನ ಬೇಡ. ಈ ಕಡೆಯ ಮಣ್ಣಲ್ಲಿ ಸುಣ್ಣದ ಹರಳು ಇರುತ್ತದೆ. ಸುಟ್ಟ ಮೇಲೆ ಅದು ಗಾಳಿಯ ತೇವ ಹೀರಿ ಉಬ್ಬುತ್ತದೆ, ಚೆನ್ನಾಗಿದ್ದ ಕುಡಿಕೆಯ ಮೈ ಕೆಲವು ದಿನಗಳಲ್ಲಿ ಚಕ್ಕೆ ಏಳುತ್ತದೆ. ಸೋಸಿದ್ದನ್ನು ಚಪಾತಿ ಹಿಟ್ಟಿನ ಹದಕ್ಕೆ ಬರುವವರೆಗೆ ನಾದಿ.

ಮೊದಲು ಮುಷ್ಟಿಯಷ್ಟು ಉಂಡೆ. ನಡುವೆ ಹೆಬ್ಬೆರಳು ಒತ್ತಿ, ತಿರುಗಿಸುತ್ತಾ ಗೋಡೆ ಎತ್ತಿ. ದಪ್ಪ ಒಂದು ಸೆಂ.ಮೀ. ಮೀರಬಾರದು, ಎಲ್ಲ ಕಡೆ ಒಂದೇ ಸಮ ಇರಬೇಕು. ಹಿಡಿ ಅಂಟಿಸುವುದಾದರೆ ಎರಡೂ ಕಡೆ ಗೀರಿ, ಮಣ್ಣಿನ ಗಂಜಿ ಸವರಿ ಒತ್ತಿ. ಸುಮ್ನೆ ಅಂಟಿಸಿದರೆ ಒಣಗುವಾಗ ಕಳಚುತ್ತದೆ.

ಚಿತ್ರದುರ್ಗದವರು ಎಚ್ಚರ ವಹಿಸಬೇಕಾದದ್ದು ಒಣಗಿಸುವಾಗ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು ಇದು. ಬಯಲಿಗೆ ಇಟ್ಟರೆ ಬಾಯಂಚು ಬೇಗ ಒಣಗುತ್ತದೆ, ತಳ ಹಸಿಯಾಗೇ ಉಳಿಯುತ್ತದೆ, ನಡುವೆ ಸೀಳು ಬೀಳುತ್ತದೆ. ನೆರಳಲ್ಲಿಟ್ಟು ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹೊದಿಸಿ. ಅಂಚು ಗಟ್ಟಿಯಾದ ಮೇಲೆ ಬೋರಲು ಹಾಕಿ. ವಾರ ಹಿಡಿದರೂ ಅವಸರ ಬೇಡ. ಆಮೇಲೆ ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ನೀರಿದೆ.

ಆ ನೀರೇ ಬೆಂಕಿಯಲ್ಲಿ ಆವಿಯಾಗಿ ಮಡಕೆ ಒಡೆಯುವುದು. ಹಾಗಾಗಿ ಶುರುವಿನಲ್ಲಿ ಉರಿ ಸಣ್ಣಗಿರಲಿ. ಮನೆಯ ಓವನ್ ಸುಮಾರು 250 ಡಿಗ್ರಿ ದಾಟುವುದಿಲ್ಲ, ಮಣ್ಣು ಚೆನ್ನಾಗಿ ಸುಡಲು 700 ಡಿಗ್ರಿಗಿಂತ ಜಾಸ್ತಿ ಬೇಕು. ಪರಿಚಯದ ಕುಂಬಾರರಿದ್ದರೆ ಅವರ ಆವಿಗೆಯಲ್ಲಿ (ಮಡಕೆ ಸುಡುವ ಗೂಡಿನಲ್ಲಿ) ನಿಮ್ಮದಕ್ಕೂ ಜಾಗ ಕೇಳಿ, ಸೌದೆಗೆ ದುಡ್ಡು ಕೊಡಿ. ಸುಡುವ ಮೊದಲೇ ಬಿರುಕು ಬಿಟ್ಟದ್ದನ್ನು ಬಿಸಾಡಬೇಡಿ. ಪುಡಿ ಮಾಡಿ ನೀರಿಗೆ ಹಾಕಿದರೆ ಮತ್ತೆ ಮಣ್ಣಾಗುತ್ತದೆ.