ಪರಮಪ್ರಸಾದದ ನಂತರ ಒಂದು ನಿಮಿಷ

ಮಂಡ್ಯ ಕಡೆಯ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ, ಅಂದರೆ ಚರ್ಚಿನಲ್ಲಿ, 19 ವರ್ಷದಿಂದ ಗಾಯನ ವೃಂದ ನೋಡಿಕೊಳ್ಳುತ್ತಿದ್ದೇನೆ. ಭಾನುವಾರದ ಪೂಜೆ ಚೆನ್ನಾಗಿ ಆಗಬೇಕು ಅಂದರೆ ಹಾಡು ಜಾಸ್ತಿ ಇರಬೇಕು ಅಂತ ಬಹಳ ಕಾಲ ನಂಬಿದ್ದೆ. ಕಾಣಿಕೆಗೆ ಎರಡು, ಪರಮಪ್ರಸಾದಕ್ಕೆ, ಅಂದರೆ ಪವಿತ್ರ ರೊಟ್ಟಿ ಹಂಚುವ ಹೊತ್ತಿಗೆ, ಮೂರು. ಎಲ್ಲಾದರೂ ಸದ್ದು ನಿಂತರೆ ಅಲ್ಲಿ ಕೀಬೋರ್ಡ್ ಶುರು.

ಒಂದು ಭಾನುವಾರ ಪೂಜೆ ಮುಗಿದ ಮೇಲೆ, ಮೂರನೇ ಸಾಲಿನಲ್ಲಿ ಕೂರುವ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಹಾಡು ಚೆನ್ನಾಗಿತ್ತು ಕಣವ್ವ. ಆದ್ರೆ ಪ್ರಸಾದ ತಕೊಂಡು ಬಂದು ಮಂಡಿ ಊರುದ್ರೆ, ಸ್ವಾಮಿ ಜೊತೆ ಎರಡ್ ಮಾತಾಡಕ್ಕೂ ನೀವು ಬುಡಕಿಲ್ವಲ್ಲ." ಬೈದ ದನಿ ಅಲ್ಲ ಅದು. ಅದಕ್ಕೇ ಜಾಸ್ತಿ ತಾಗಿತು.

ನಮ್ಮ ಚರ್ಚಿನ ಗುರುಗಳ (ಪಾದ್ರಿಗಳ) ಹತ್ತಿರ ಕೇಳಿ, ಪೂಜೆಯ ನಿಯಮಗಳನ್ನು ಮೊದಲ ಸಲ ಕೂತು ಓದಿದೆ. ದೈವಾರಾಧನೆ ಬಗ್ಗೆ ಎರಡನೇ ವ್ಯಾಟಿಕನ್ ಮಹಾಸಭೆಯ, ಅಂದರೆ ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಸಭೆಯ, ದಾಖಲೆ ಹೊರಬಂದದ್ದು 1963ರ ಡಿಸೆಂಬರ್ 4ರಂದು. ಅದರ 30ನೇ ಪ್ಯಾರಾ ಜನ ಹೇಗೆ ಪಾಲ್ಗೊಳ್ಳಬೇಕು ಅನ್ನುವುದನ್ನು ಹೇಳುತ್ತದೆ. ಉತ್ತರ ಹೇಳುವುದು, ಹಾಡುವುದು, ಏಳುವುದು, ಕೂರುವುದು, ಜೊತೆಗೆ ತಕ್ಕ ಹೊತ್ತಿಗೆ ಪವಿತ್ರ ಮೌನ. ಮೌನ ಅಂದರೆ ಹಾಡು ಹಾಕಲು ಮರೆತುಹೋದ ಜಾಗ ಅಂತ ತಿಳಿದಿದ್ದೆ ನಾನು! ಪೂಜಾಗ್ರಂಥದ ಸೂಚನೆಗಳಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ. ಪಾಪನಿವೇದನೆಯಲ್ಲಿ, "ಪ್ರಾರ್ಥಿಸೋಣ" ಅಂದ ಕೂಡಲೇ, ವಾಚನ ಮತ್ತು ಪ್ರಬೋಧನೆ ಆದ ಮೇಲೆ, ಪ್ರಸಾದ ಸ್ವೀಕರಿಸಿದ ಮೇಲೆ ಸುಮ್ಮನಿರಬೇಕು. ಪೂಜೆಗೆ ಮುಂಚೆ ಗುರುಗಳು ಉಡುಪು ಧರಿಸುವ ಕೋಣೆಯಲ್ಲೂ ಸದ್ದಿರಬಾರದು.

ತಪಸ್ಸುಕಾಲದಲ್ಲಿ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಶುರು ಮಾಡಿದೆ. ಆ ಕಾಲದಲ್ಲಿ ವಾದ್ಯ ಇರುವುದು ಹಾಡಿಗೆ ಆಸರೆ ಕೊಡುವುದಕ್ಕೆ ಮಾತ್ರ ಅಂತ ನಿಯಮವೇ ಇದೆ. ನಾಲ್ಕನೇ ಭಾನುವಾರಕ್ಕೆ, ಮಹೋತ್ಸವ ಮತ್ತು ಹಬ್ಬಗಳಿಗೆ ವಿನಾಯಿತಿ. ಹಾಗಾಗಿ ಕೀಬೋರ್ಡಿನ ರಿದಮ್ ನಿಲ್ಲಿಸಿ, ಸ್ಟೋರ್ ರೂಮಿನಿಂದ ಹಳೇ ಹಾರ್ಮೋನಿಯಂ ತೆಗೆಸಿದೆ. ಶ್ರುತಿ ಐದು ಮನೆಯಿಂದ ಮೂರಕ್ಕೆ ಇಳಿಸಿದೆ. ಎರಡನೇ ವಾರವೇ ಹಿಂದಿನ ಬೆಂಚಿನ ಗಂಡಸರು ಹಾಡುವುದು ಕೇಳಿಸಿತು. ಅಷ್ಟು ವರ್ಷ ಅವರು ಭಕ್ತಿ ಇಲ್ಲದೆ ಸುಮ್ಮನಿದ್ದರು ಅಂದುಕೊಂಡಿದ್ದೆ. ಅವರ ಗಂಟಲಿಗೆ ಎಟುಕದ ಶ್ರುತಿ ಹಿಡಿದಿದ್ದವಳು ನಾನು.

ಕೀಬೋರ್ಡ್ ನುಡಿಸುವ ಹುಡುಗನಿಗೆ ತುಂಬಾ ಬೇಜಾರಾಯಿತು. ಎರಡು ವಾರ ಬರಲಿಲ್ಲ. ಮನೆಗೆ ಹೋದೆ. "ಅಕ್ಕ, ನಾನು ಬೇಡ್ವಾ ಹಾಗಾದ್ರೆ?" ಅಂದ. ಆ ಪ್ರಶ್ನೆಗೆ ನಿಯಮದ ಪುಸ್ತಕ ತೋರಿಸಿ ಪ್ರಯೋಜನ ಇಲ್ಲ. ಅವನ ದನಿ ಚೆನ್ನಾಗಿದೆ ಅಂತ ಗೊತ್ತಿತ್ತು. ಮುಂದಿನ ಭಾನುವಾರದ ಬೈಬಲಿನ ಕೀರ್ತನೆಯನ್ನು ನೀನೇ ಹಾಡು, ಬರೀ ಶ್ರುತಿ ಇಟ್ಟುಕೊಂಡು, ಅಂದೆ. ಶನಿವಾರ ಸಂಜೆ ಇಬ್ಬರೂ ಕೂತು ಒಂದೊಂದು ಸಾಲೂ ಎಲ್ಲಿ ಉಸಿರು ತಗೊಳ್ಳಬೇಕು ಅಂತ ಗುರುತು ಹಾಕಿಕೊಂಡೆವು. ಈಗಲೂ ಅವನೇ ಹಾಡುತ್ತಾನೆ.

ಕಷ್ಟ ಆದದ್ದು ಪ್ರಸಾದದ ನಂತರದ ಮೌನ. ಒಂದೇ ಹಾಡು ಹಾಡಿ ನಿಲ್ಲಿಸಿದೆವು. ಗುರುಗಳು ಕೂತರು. ಫ್ಯಾನ್ ಕಿರುಗುಟ್ಟುವುದು ಕೇಳಿಸಿತು. ಒಂದು ಮಗು ಅತ್ತಿತು. ಪೂಜೆ ಮುಗಿಯಿತು ಅಂದುಕೊಂಡು ನಾಲ್ಕೈದು ಜನ ಎದ್ದು ಹೊರಟರು. ಕೆಲವರು ತಿರುಗಿ ನಮ್ಮನ್ನೇ ನೋಡಿದರು, ಹಾಡು ಮರೆತರೇನೋ ಅಂತ. ಮನಸ್ಸಿನಲ್ಲೇ ಒಂದು ಪರಲೋಕ ಮಂತ್ರ ಹೇಳುವಷ್ಟು ಹೊತ್ತು ಅಷ್ಟೆ, ಆದರೂ ನನ್ನ ಕೈ ಬೆವರಿತ್ತು. ಮುಂದಿನ ವಾರ ಗುರುಗಳು ಪೂಜೆಗೆ ಮೊದಲೇ ಎರಡು ಮಾತಿನಲ್ಲಿ ತಿಳಿಸಿ ಹೇಳಿದರು. ಪಾಸ್ಕ ಹಬ್ಬದ ಹೊತ್ತಿಗೆ ಒಂದು ನಿಮಿಷಕ್ಕೆ ಬಂದೆವು.

"ಸಾವಿನ ಮನೆ ಥರ ಇದೆ" ಅಂದವರಿದ್ದರು. "ಮೈಸೂರಿನ ಫಿಲೋಮಿನಾದಲ್ಲಾದರೆ ಸರಿ, ನಮ್ಮ ಶೀಟಿನ ಚರ್ಚಿಗೆ ಇದೆಲ್ಲ ಯಾಕೆ" ಅಂದವರೂ ಇದ್ದರು. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಆ ದೇವಾಲಯದ ಒಳಗೆ ಕಾಲಿಟ್ಟರೆ ನಮ್ಮ ದನಿ ತಾನಾಗಿ ಇಳಿಯುತ್ತದೆ, ನಿಜ. ನಮ್ಮಲ್ಲಿ ಆ ಗೋಪುರ, ಆ ಕಮಾನು ಇಲ್ಲ. ಇಲ್ಲಿ ದನಿಯನ್ನು ನಾವೇ ಇಳಿಸಿಕೊಳ್ಳಬೇಕು, ಅಲ್ವಾ?

ವಾಚಕರಿಗೂ ಶನಿವಾರವೇ ಓದಿ ಬರಲು ಹೇಳಿದೆವು. ಪೀಠದ ಹತ್ತಿರ ಹಾಳೆ ತಿರುವುತ್ತಾ ನಿಲ್ಲುವುದು ತಪ್ಪಿತು.

ಆರತಿಯ ವಿಷಯಕ್ಕೆ ಸ್ವಲ್ಪ ಯೋಚಿಸಬೇಕಾಯಿತು. ಪಾದರಕ್ಷೆ ಬಿಡುವುದು, ನೆಲದ ಮೇಲೆ ಕೂರುವುದು, ಪಂಚಾಂಗ ಪ್ರಣಾಮ, ಆರತಿ ಇವಕ್ಕೆಲ್ಲ 1969ರ ಏಪ್ರಿಲ್ 25ರಂದೇ ರೋಮಿನ ಒಪ್ಪಿಗೆ ಸಿಕ್ಕಿದೆ. ನಮ್ಮ ಮಣ್ಣಿನ ಭಕ್ತಿ ಇದು, ಬಿಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಆದರೆ ನಮ್ಮಲ್ಲಿ ಆರತಿ ಅಂದರೆ ಒಂದೇ ಬಣ್ಣದ ಸೀರೆಯ ಎಂಟು ಹುಡುಗಿಯರು, ಎದುರಿಗೆ ಮೊಬೈಲುಗಳ ಸಾಲು ಅಂತಾಗಿತ್ತು. ಈಗ ಇಬ್ಬರು. ಬರಿಗಾಲು, ಒಂದು ದೀಪ, ಒಂದು ತಟ್ಟೆ ಹೂವು, ಸಾಂಬ್ರಾಣಿ. ನಿಧಾನಕ್ಕೆ ಮೂರು ಸುತ್ತು. ಗಾಯನ ವೃಂದದವರೂ ಚಪ್ಪಲಿ ಹೊರಗೇ ಬಿಡುತ್ತೇವೆ.

ಹಬ್ಬದ ದಿನದ ಪೂಜೆ ಇನ್ನೂ ಕೈಗೆ ಸಿಕ್ಕಿಲ್ಲ. ಅವತ್ತು ಬೇರೆ ಊರಿಂದ ವಾದ್ಯದವರು ಬರುತ್ತಾರೆ, ಸ್ಪೀಕರ್ ಹಾಕುತ್ತಾರೆ. ಈ ಸಲ ಅವರ ಹತ್ತಿರ ಕೇಳಿಕೊಂಡಿದ್ದು ಒಂದೇ: ಪ್ರಸಾದ ಆದ ಮೇಲೆ ನಾನು ಕೈ ಎತ್ತುವವರೆಗೂ ಏನೂ ನುಡಿಸಬೇಡಿ. ಒಪ್ಪಿದ್ದಾರೆ.